ಪ್ಯಾನಲ್ಲು ರಜೆ ಹೋದ ವಾರ

ಆ ವಾರ ನಮ್ಮೂರ ಸೇತುವೆ ರಜೆಯಲ್ಲಿತ್ತು. ಹಾಗಾಗಿ ಆಚೆ ದಡಕ್ಕೆ ಹೋಗಬೇಕಾದವರೆಲ್ಲ ಬಳೆ ಮಾರುವ ಮಕ್ತುಮ್ ಚಾಚಾನ ದೋಣಿಯನ್ನೇ ಕಾಯಬೇಕಾಗಿತ್ತು. ಚಾಚಾಗೆ ದೋಣಿ ನಡೆಸುವುದು ಗೊತ್ತಿರಲಿಲ್ಲ. ಸೇತುವೆಯನ್ನು ಕೊನೆಯದಾಗಿ ದಾಟಿದವರು ಅವರು, ಅಷ್ಟೇ. ನಮ್ಮಲ್ಲಿ ಯಾವ ವಸ್ತು ರಜೆಗೆ ಹೋದರೂ ಅದನ್ನು ಕೊನೆಗೆ ಮುಟ್ಟಿದವರು ಅದು ಬರುವ ತನಕ ಬದಲಿ ನಿಲ್ಲಬೇಕು. ಬೇರೆ ದಿನಗಳಲ್ಲಿ ಬಳೆ, ಶುಕ್ರವಾರ ಸೇತುವೆ ಎಂದು ಚಾಚಾ ಹೊಂದಿಸಿಕೊಂಡಿದ್ದರು. ಅವರ ದೋಣಿ ನಡುಹೊಳೆಯಲ್ಲಿ ಒಂದು ಸುತ್ತು ಸುಮ್ಮನೆ ತಿರುಗಿಯೇ ಮುಂದೆ ಹೋಗುತ್ತಿತ್ತು. ಜನ ಅದಕ್ಕೂ ಒಗ್ಗಿಕೊಂಡು ಕಡಲೆಕಾಯಿ ಕಟ್ಟಿಸಿಕೊಂಡು ಹತ್ತುತ್ತಿದ್ದರು. ಆಚೆ ದಡ ತಾಗಿದರೂ ಚಾಚಾ ಇಳಿಯುವಂತಿಲ್ಲ. ಬದಲಿ ನಿಂತವರ ಮಣಿಕಟ್ಟಿಗೆ ಹಸಿರು ದಾರ ಕಟ್ಟಿರುತ್ತಾರೆ. ಅದು ಇರುವ ತನಕ ಊರಿನ ಎಲ್ಲೆ ದಾಟುವ ಹಾಗಿಲ್ಲ, ಇನ್ನೊಬ್ಬರಿಗೆ ವಹಿಸಿಕೊಡುವ ಹಾಗೂ ಇಲ್ಲ. "ಸೇತುವೆ ಎಲ್ಲಾದ್ರೂ ಇಳಿದು ಟೀ ಕುಡಿಯೋಕೆ ಹೋಗುತ್ತಾ?" ಎಂದು ಚಾಚಾ ನಗುತ್ತಿದ್ದರು.

ಹಿಂದೊಮ್ಮೆ 'ಳ' ಅಕ್ಷರವೇ ರಜೆ ಹಾಕಿತ್ತು. ಅದನ್ನು ಕೊನೆಗೆ ಉಚ್ಚರಿಸಿದವರು ನಮ್ಮ ಶಾಲೆಯ ಮೇಷ್ಟ್ರು. ಪಾಪ, ಒಂದು ಇಡೀ ಮಳೆಗಾಲ 'ಳ' ಬರುವ ಕಡೆಯಲ್ಲೆಲ್ಲ ಅವರು ಸಣ್ಣಗೆ ಕೆಮ್ಮಿ ಪಾಠ ಮಾಡಿದರು. 'ಮಕ್ಕಳೇ ಕೇಳಿ' ಎನ್ನಲು ಎರಡು ಕೆಮ್ಮು. ನಾವೂ ಹಾಗೇ ಕೆಮ್ಮಿ ಕೆಮ್ಮಿ ಪದ್ಯ ಒಪ್ಪಿಸುತ್ತಿದ್ದೆವು. ಅಂಚೆ ಕಚೇರಿಯ ಗಡಿಯಾರ ಹೋದಾಗ ಪೋಸ್ಟ್‌ಮಾಸ್ಟರ ಹೆಂಡತಿ ಕಿಟಕಿಯಲ್ಲಿ ಕೂತು ಕೇಳಿದವರಿಗೆಲ್ಲ ವೇಳೆ ಹೇಳಿದರು. ಆಕೆಗೆ ಯಾರ ಮೇಲಾದರೂ ಸಿಟ್ಟಿದ್ದರೆ ಅಂಥವರಿಗೆ ಮಾತ್ರ ಬಸ್ಸು ಹೋಗಿಬಿಟ್ಟಿರುತ್ತಿತ್ತು.

ಹೀಗಾಗಿ ನಮ್ಮೂರಿನಲ್ಲಿ ಒಂದು ಮಾತನ್ನು ಯಾರೂ ಆಡುವುದಿಲ್ಲ. ಬಲ್ಬು ಉರಿಯದಿದ್ದರೆ ರಜೆ. ನಲ್ಲಿ ಬಿಟ್ಟರೆ ಬರೀ ಗಾಳಿ ಬಂದರೆ ರಜೆ. 'ಕೆಟ್ಟಿದೆ' ಎನ್ನುವುದು ಬೈಗುಳ. ಪರವೂರಿನ ನೆಂಟರ ಮಕ್ಕಳಿಂದ ಆ ಪದ ಕಲಿತು ಬಂದ ಹುಡುಗರಿಗೆ ತಾಯಂದಿರು ಬಾಯಿ ಮುಕ್ಕಳಿಸಲು ಹೇಳುತ್ತಾರೆ. ದುಡಿದು ದುಡಿದು ನಾಲ್ಕು ದಿನ ಹೋದ ವಸ್ತುವಿನ ಬೆನ್ನ ಹಿಂದೆ ಹಾಗನ್ನುವುದು ತಪ್ಪಲ್ಲವೆ?

ನಾನು ಡಿಗ್ರಿ ಮುಗಿಸಿ ವಾರಿಜಕ್ಕನ ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡುತ್ತಿದ್ದೆ. ಹೆಸರು ಇಂಚರ. ಅಪ್ಪ ಯಾವ ಆಸೆಯಿಂದ ಇಟ್ಟರೋ, ನನ್ನ ಬಾಯಿಂದ ಹೊರಗೆ ಬರುತ್ತಿದ್ದುದು 'ಹೂಂ' ಮತ್ತು 'ಉಹೂಂ' ಎರಡೇ. ಹಗಲು ಆಡಬೇಕಾಗಿದ್ದ ಮಾತುಗಳನ್ನೆಲ್ಲ ಸಂಜೆ ಡೈರಿಯಲ್ಲಿ ಆಡುತ್ತಿದ್ದೆ. ಅಲ್ಲಿ ನಾನು ಬಲು ಜೋರು. ವಾರಿಜಕ್ಕನಿಗೆ ನನ್ನ ಮೌನ ತೊಂದರೆಯಾಗಿರಲಿಲ್ಲ. ಇಬ್ಬರ ಪಾಲಿನದನ್ನೂ ಅವರೇ ಮಾತಾಡುತ್ತಿದ್ದರು. ಜೆರಾಕ್ಸು, ಬೈಂಡಿಂಗು ನೋಡಿಕೊಳ್ಳುವ ದಾದಾಪೀರ್ ಉಳಿದದ್ದನ್ನು ಮುಗಿಸುತ್ತಿದ್ದ.

ಮಂಗಳವಾರ ಬೆಳಿಗ್ಗೆ ನಾನು ಅಂಗಡಿಗೆ ಹೋದಾಗ ವಾರಿಜಕ್ಕ ಮೌಸ್ ಮೇಲೆ ಕೈಯಿಟ್ಟುಕೊಂಡು ಅಲುಗಾಡದೆ ಕೂತಿದ್ದರು.

"ಇಂಚು, ಬಾ ಇಲ್ಲಿ. ಇದ್ಯಾಕೆ ಹಿಂಗೆ ಬೆಳ್ಳಗೆ ಕೂತಿದೆ?"

ಪಿಡಿಎಫ್ ತಿದ್ದುವ ಸಾಫ್ಟ್‌ವೇರ್ ತೆರೆದಿತ್ತು. ನಡುವೆ ನಾಟಕದ ಹ್ಯಾಂಡ್‌ಬಿಲ್ಲು ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಬಲಗಡೆ, ಪುಟ ಸೇರಿಸು, ಪುಟ ತಿರುಗಿಸು, ಟಿಪ್ಪಣಿ ಬರೆ, ಸಹಿ ಹಾಕು ಎಂದೆಲ್ಲ ಬಣ್ಣ ಬಣ್ಣದ ಗುರುತುಗಳು ಸಾಲಾಗಿ ಇರುತ್ತಿದ್ದ ಪ್ಯಾನಲ್ಲು ಖಾಲಿ. ಚೌಕಟ್ಟಿದೆ, ಒಳಗೆ ಏನೂ ಇಲ್ಲ. ಸುಣ್ಣ ಬಳಿದ ಗೋಡೆಯ ಹಾಗೆ.

ದಾದಾಪೀರ್ ಇಣುಕಿ ನೋಡಿ ನಾಲಿಗೆ ಕಚ್ಚಿಕೊಂಡ. "ಅಕ್ಕಾ, ಮುಗೀತು. ರಜೆ ಹಾಕ್ಬಿಟ್ಟಿದೆ."

ವಾರಿಜಕ್ಕ ಮೌಸಿನಿಂದ ಕೈಯನ್ನು ಥಟ್ಟನೆ ತೆಗೆದರು. ಆದರೆ ತಡವಾಗಿತ್ತು. ಕೊನೆಗೆ ಮುಟ್ಟಿದವರು ಅವರೇ.

ಬೇರೆ ಯಾವ ವಾರವಾಗಿದ್ದರೂ ಅವರು ನಕ್ಕುಬಿಡುತ್ತಿದ್ದರು. ಆದರೆ ಅವರ ಮಗಳು ಮೇದಿನಿ ತುಂಬಿದ ಬಸುರಿ. ಇರುವುದು ಹೊಳೆಯಾಚೆಯ ಪಟ್ಟಣದಲ್ಲಿ. ಚೊಚ್ಚಲು ಹೆರಿಗೆ ತವರಲ್ಲೇ ಆಗಬೇಕಿತ್ತು, ಡಾಕ್ಟರು ಓಡಾಡಬೇಡ ಎಂದಿದ್ದರಿಂದ ತಾಯಿಯೇ ಹೊರಡುವುದೆಂದು ತೀರ್ಮಾನವಾಗಿತ್ತು. ಶುಕ್ರವಾರದ ದೋಣಿಗೆ ಹೋಗಲು ವಾರಿಜಕ್ಕ ಬಾಣಂತಿಖಾರದ ಡಬ್ಬಿ, ಹಳೆಯ ಮೆತ್ತನೆ ಸೀರೆಗಳು, ಮಗುವಿಗೆ ಕುಲಾವಿ ಎಲ್ಲ ಕಟ್ಟಿಟ್ಟಿದ್ದರು. ಗುರುವಾರ ಸಂಜೆ ರಜೆಕಟ್ಟೆಯಲ್ಲಿ ಜನ ಸೇರುತ್ತಾರೆ. ಅಲ್ಲಿ ಮಣಿಕಟ್ಟಿಗೆ ದಾರ ಬಿದ್ದರೆ ಶುಕ್ರವಾರದ ದೋಣಿ ಅವರಿಗಿಲ್ಲ. ಪ್ಯಾನಲ್ಲು ಯಾವಾಗ ಬರುತ್ತದೋ ಆಗಲೇ.

"ನಾನು ಮುಟ್ಟಿದ್ದೆ ಅಂತ ಹೇಳೋಣ" ಎಂದ ದಾದಾಪೀರ್.

"ಸುಳ್ಳು ಹೇಳಿದ್ರೆ ಅದು ವಾಪಸ್ಸೇ ಬರಲ್ಲ ಕಣೋ. ಸುಮ್ನಿರು." ವಾರಿಜಕ್ಕ ಸೆರಗಿನಿಂದ ಪರದೆ ಒರೆಸಿದರು. ಬೆಳ್ಳಗಿನದು ಬೆಳ್ಳಗೇ ಇತ್ತು. "ಬೇಗ ಬರಬಹುದು. ಸಣ್ಣ ವಸ್ತು. ಎಷ್ಟು ದೂರ ಹೋದೀತು?"

ಅವರಿಗೆ ತಾಳ್ಮೆ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಾಫ್ಟ್‌ವೇರಿನ ಡಬ್ಬಿಯ ಮೇಲಿದ್ದ ನಂಬರಿಗೆ ಫೋನ್ ಹಚ್ಚಿದರು. ನಮಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದರು. ಫೋನಿನಲ್ಲಿ ಬಹಳ ಹೊತ್ತು ಕೊಳಲು ಕೇಳಿಸಿದ ಮೇಲೆ ಒಬ್ಬ ಹುಡುಗ ಮಾತಿಗೆ ಬಂದ.

"ನಮಸ್ತೆ ಮೇಡಂ. ಏನು ಕೆಟ್ಟಿದೆ ಹೇಳಿ."

ವಾರಿಜಕ್ಕ ಗಾಬರಿಯಿಂದ ಫೋನನ್ನು ಎದೆಗೆ ಅವುಚಿಕೊಂಡರು. "ಮೆಲ್ಲಗೆ ಮಾತಾಡಪ್ಪ, ಅದಕ್ಕೆ ಕೇಳಿಸುತ್ತೆ!"

"ಯಾರಿಗೆ ಮೇಡಂ?"

"ಕಂಪ್ಯೂಟರಿಗೆ."

ಅವನು ಪಾಪ, ದನಿ ತಗ್ಗಿಸಿಯೇ ಮಾತಾಡಿದ. "ಮೇಲ್ಗಡೆ ವ್ಯೂ ಅಂತ ಇದೆಯಾ?"

"ನೋಟ ಅಂತಿದೆ. ನಮ್ಮದು ಕನ್ನಡದಲ್ಲಿ ಮಾತಾಡುತ್ತೆ."

"ಅದೇ ಮೇಡಂ. ಅದರೊಳಗೆ ತೋರಿಸು, ಮರೆಮಾಡು. ಪ್ಯಾನಲ್ ಮುಂದೆ ಟಿಕ್ ಇದ್ರೆ ತೆಗೆದು ಮತ್ತೆ ಹಾಕಿ."

ವಾರಿಜಕ್ಕ ನನಗೆ ಸನ್ನೆ ಮಾಡಿದರು. ನಾನು ಟಿಕ್ ತೆಗೆದೆ. ಬಿಳಿ ಚೌಕ ಹೋಯಿತು, ಹ್ಯಾಂಡ್‌ಬಿಲ್ಲು ಹಿಗ್ಗಿ ಆ ಜಾಗವನ್ನೂ ತುಂಬಿಕೊಂಡಿತು. ಟಿಕ್ ಹಾಕಿದೆ. ಬಿಳಿ ಚೌಕ ಮತ್ತೆ ಬಂದು ಕೂತಿತು, ಖಾಲಿಯೇ. ಕಿಟಕಿ ಚಿಕ್ಕದು ಮಾಡಿ ದೊಡ್ಡದು ಮಾಡಿದ್ದಾಯಿತು. ಬೇರೆ ಪಿಡಿಎಫ್ ತೆರೆದದ್ದಾಯಿತು. ಪೂರ್ತಿ ಆರಿಸಿದ್ದಾಯಿತು; ಎಬ್ಬಿಸುವಾಗ ಮಾತ್ರ ವಾರಿಜಕ್ಕ ನನ್ನನ್ನು ಸರಿಸಿ ತಾವೇ ಪರದೆಗೆ ಅಡ್ಡ ಕೂತರು.

"ಶುರುವಾಗೋವಾಗ ಏನಾದ್ರೂ ಮೆಸೇಜ್ ಬರ್ತಿದೆಯಾ ಮೇಡಂ?"

ವಾರಿಜಕ್ಕ ದಾದಾಪೀರನ ಮುಖ ನೋಡಿದರು. ಅವನು ಸೂರು ನೋಡಿದ. "ಛೇ, ಅಂಥದ್ದೇನಿಲ್ಲಪ್ಪ."

"ಹಾಗಿದ್ರೆ ಇದನ್ನ ಪೂರ್ತಿ ತೆಗೆದುಹಾಕಿ ಹೊಸದನ್ನ ಹಾಕ್ಕೊಳ್ಳಿ."

ವಾರಿಜಕ್ಕ ಫೋನು ಇಟ್ಟೇಬಿಟ್ಟರು. "ನೋಡು ಹೊರಗಿನ ಜನಾನ! ಒಂದು ದಿನ ರಜೆ ಹಾಕಿದ್ರೆ ಕೆಲಸದಿಂದಲೇ ತೆಗೀತಾರಂತೆ!"

ಬುಧವಾರ ಅವರು ಬದಲಿ ಕೂರುವ ಅಭ್ಯಾಸ ಶುರು ಮಾಡಿದರು. ಬದಲಿ ಎಂದರೆ ವಸ್ತುವಿನ ಜಾಗದಲ್ಲೇ ಇರಬೇಕಲ್ಲ. ಪರದೆಯ ಬಲಗಡೆಗೆ ಸ್ಟೂಲು ಎಳೆದು, ಗೋಡೆಗೂ ಮೇಜಿಗೂ ನಡುವೆ ನೆಟ್ಟಗೆ ಕೂತರು. ನಾನು ಕೀಲಿಮಣೆಯ ಮುಂದೆ. ಗಿರಾಕಿಗೆ ಏನು ಬೇಕೋ ಅದನ್ನು ಅವರು ಹೇಳಬೇಕು, ನಾನು ಮೆನುಗಳ ಒಳಗೆಲ್ಲ ಹುಡುಕಿ ಮಾಡಬೇಕು.

"ಪುಟ ತಿರುಗಿಸು" ಎಂದು ವಾರಿಜಕ್ಕ ಗಂಭೀರವಾಗಿ ಹೇಳಿದರು.

"ಎಡಕ್ಕೋ ಬಲಕ್ಕೋ?" ಎಂದ ದಾದಾಪೀರ್. "ಪ್ಯಾನಲ್ಲಾದ್ರೆ ಬಾಣ ತೋರಿಸ್ತಿತ್ತು."

ವಾರಿಜಕ್ಕ ಕತ್ತನ್ನು ಬಲಕ್ಕೆ ತಿರುಗಿಸಿ ತೋರಿಸಿದರು.

"ಆಹಾ, ಪ್ಯಾನಲ್ಲಿಗಿಂತ ಚೆನ್ನಾಗಿದೆ. ಅದು ಯಾವತ್ತೂ ಮೂಗುತಿ ಹಾಕಿರಲಿಲ್ಲ."

ಅವರು ನಕ್ಕರು. ಅಷ್ಟರಲ್ಲಿ ಮೇದಿನಿಯ ಫೋನು ಬಂತು. ಸ್ಟೂಲಿನಿಂದ ಏಳದೆ, ಬೆನ್ನು ಬಾಗಿಸದೆ ಮಾತಾಡಿದರು. "ಬರ್ತೀನಿ ಮಗ... ಇಲ್ಲ, ಇಲ್ಲೊಂಚೂರು... ಬೆನ್ನು ನೋಯ್ತಿದೆಯಾ? ಎಡಮಗ್ಗುಲಾಗಿ ಮಲ್ಕೋ. ಅತ್ತೇನ ಪಕ್ಕದಲ್ಲೇ ಇರಕ್ಕೆ ಹೇಳು. ಹೂಂ... ನೋಡ್ತೀನಿ, ಬರ್ತೀನಿ." ಫೋನು ಇಟ್ಟು ಗೋಡೆಯ ಕಡೆ ತಿರುಗಿದರು. ಪ್ಯಾನಲ್ಲು ಅಳುವುದಿಲ್ಲವಲ್ಲ, ಅದಕ್ಕಿರಬೇಕು.

ಅವರು ಊಟಕ್ಕೆ ಮನೆಗೆ ಹೋದಾಗ ನಾನು ಅವರ ಜಾಗದಲ್ಲಿ ಕೂತು ಆ ಬಿಳಿಯನ್ನೇ ನೋಡಿದೆ. ಏನೋ ಸರಿಯಿಲ್ಲ ಎನ್ನಿಸುತ್ತಿತ್ತು. ಸೇತುವೆ ಹೋದ ದಿನ ನಾವೆಲ್ಲ ಹೊಳೆದಂಡೆಗೆ ಓಡಿ ಹೋಗಿ ನೋಡಿದ್ದೆವು. ಕಂಬ ಇರಲಿಲ್ಲ, ಕಂಬ ಇದ್ದ ಗುಂಡಿಯೂ ಇರಲಿಲ್ಲ. ಹೊಳೆಗೆ ಯಾವತ್ತೂ ಸೇತುವೆಯೇ ಇರಲಿಲ್ಲವೇನೋ ಎನ್ನುವ ಹಾಗೆ ದಡದ ತುಂಬ ಗರಿಕೆ ಬೆಳೆದಿತ್ತು. ಈ ಪ್ಯಾನಲ್ಲು ಮಾತ್ರ ತನ್ನ ಜಾಗವನ್ನು ಇಲ್ಲೇ ಬಿಟ್ಟಿದೆ. ಎಲೆ ಹಾಕಿ ಊಟ ಬಡಿಸದ ಹಾಗೆ.

ಸಾಫ್ಟ್‌ವೇರನ್ನು ಮುಚ್ಚಿ ನಾನೇ ತೆರೆದೆ. ಅಲ್ಲಿಯ ತನಕ ದಿನಾ ಅದನ್ನು ತೆರೆಯುತ್ತಿದ್ದವರು ವಾರಿಜಕ್ಕ. ಪರದೆಯ ನಡುವೆ ಒಂದು ಸಣ್ಣ ಚೌಕ ಮೂಡಿತು.

'ಈ ತಂತ್ರಾಂಶದ ಕೆಲವು ಭಾಗಗಳು ಕೆಟ್ಟಿವೆ. ಸರಿಪಡಿಸಬೇಕೆ?'

ಕೆಳಗೆ ಎರಡು ಗುಂಡಿಗಳು: ಹೌದು, ಬೇಡ.

ನನ್ನ ಕಿವಿ ಬಿಸಿಯಾಯಿತು. ದಾದಾಪೀರ್ ಅಂಟಿನ ಡಬ್ಬಿ ಬಿಟ್ಟು ಓಡಿ ಬಂದ. "ಬೇಡ ಒತ್ತು, ಬೇಡ ಒತ್ತು! ಪಾಪ, ಅದು ಹಂಗೇ. ಒಂದು ತಿಂಗಳಿಂದ ದಿನಾ ಬೆಳಿಗ್ಗೆ ತನ್ನನ್ನ ತಾನೇ ಬೈಕೊಳ್ಳುತ್ತೆ. ಅಕ್ಕ ಸಮಾಧಾನ ಮಾಡ್ತಾರೆ."

"ಹೇಗೆ?" ಎಂದೆ. ಅವನಿಗೆ ನನ್ನ ದನಿ ಕೇಳಿಯೇ ಆಶ್ಚರ್ಯವಾಗಿರಬೇಕು.

"ಛೇ ಛೇ, ಹಂಗನ್ಕೋಬಾರದು ಮರಿ, ನಿಂಗೇನೂ ಆಗಿಲ್ಲ, ಅಂತ ಹೇಳಿ ಬೇಡ ಒತ್ತುತ್ತಾರೆ. ಸುಮ್ಮನಾಗುತ್ತೆ."

ನಾನು ಬಾಣವನ್ನು 'ಹೌದು' ಕಡೆಗೆ ಒಯ್ದೆ. ಅವನು ಮೌಸಿನ ಮೇಲೆ ಕೈಯಿಟ್ಟುಬಿಟ್ಟ. "ಇಂಚರಾ, ನಿನ್ನೆನೇ ಇದರ ಹೆಸರು ಕಟ್ಟೆಗೆ ಹೋಗಿದೆ. ಕಟ್ಟೆಯಲ್ಲಿ ಕೇಳದೆ ಈಗ ಏನೂ ಮಾಡೋ ಹಂಗಿಲ್ಲ. ಅಕ್ಕನ ಮೇಲೇ ಮಾತು ಬರುತ್ತೆ."

ವಾರಿಜಕ್ಕ ಬಂದ ಮೇಲೆ ಹೇಳಲು ನೋಡಿದೆ. "ಅಕ್ಕ, ಅದು ಹೇಳ್ತಿರೋದು ನಿಜ ಇದ್ರೆ?" ಎನ್ನುವಷ್ಟರಲ್ಲಿ ಅವರು ಎರಡೂ ಕಿವಿ ಮುಚ್ಚಿಕೊಂಡರು. "ನೀನೂ ಶುರು ಮಾಡಬೇಡ ತಾಯಿ. ನನ್ನ ಮಗಳ ಬಾಣಂತನಕ್ಕೋಸ್ಕರ ನಾನು ಇನ್ನೊಂದು ಜೀವಕ್ಕೆ ಹಂಗನ್ನಲಾ?" ಎಂದು ಹೇಳಿ ಸ್ಟೂಲಿನ ಮೇಲೆ ಕೂತು, ಬೇಡ ಒತ್ತಿಸಿದರು.

ಇನ್ನು ಉಳಿದದ್ದು ಕಟ್ಟೆ. ಅಲ್ಲಿ ಬಾಯಿಬಿಟ್ಟು ಮಾತಾಡಬೇಕಿತ್ತು. ಅಂದು ಡೈರಿಯಲ್ಲಿ ಒಂದು ದೊಡ್ಡ ಭಾಷಣ ಬರೆದೆ. ಬೆಳಿಗ್ಗೆ ಓದಿದರೆ ಅದರಲ್ಲಿ ಒಂದು ಸಾಲೂ ಬಾಯಿಂದ ಹೊರಗೆ ಬರುವಂಥದ್ದಾಗಿರಲಿಲ್ಲ.

ಗುರುವಾರ ಸಂಜೆ ಕಂಪ್ಯೂಟರನ್ನು ದಾದಾಪೀರ್ ತಳ್ಳುಗಾಡಿಯ ಮೇಲಿಟ್ಟು, ಪಕ್ಕದಲ್ಲಿ ಯುಪಿಎಸ್ ಇಟ್ಟು, ಮಗುವನ್ನು ಪೋಲಿಯೋ ಹಾಕಿಸಲು ಕರೆದೊಯ್ಯುವವನ ಹಾಗೆ ನಿಧಾನವಾಗಿ ತಳ್ಳಿಕೊಂಡು ಬಂದ. ರಜೆಕಟ್ಟೆ ಹೊಂಗೆಮರದ ಕೆಳಗಿದೆ. ಹಿರಿಯರಾದ ಶಾಂತವೀರಪ್ಪ ತಾತ ಶಾಲು ಹೊದ್ದು ಕೂತಿದ್ದರು, ಮಡಿಲಲ್ಲಿ ದಾರದ ಉಂಡೆ. ಒಂದು ಇಸ್ತ್ರಿಪೆಟ್ಟಿಗೆ, ಒಂದು ಬೀದಿದೀಪಕ್ಕೆ ಬದಲಿ ನಿಂತವರಿಗೆ ದಾರ ಕಟ್ಟಿ ಮುಗಿಸಿದ್ದರು. ಬೀದಿದೀಪಕ್ಕೆ ಬದಲಿಯಾದವನಿಗೆ ಕೈಯಲ್ಲಿ ಲಾಟೀನು ಕೊಟ್ಟು, "ನಾಯಿಗಳಿಗೆ ಸ್ವಲ್ಪ ಹುಷಾರು" ಎಂದು ಹೇಳಿ ಕಳಿಸುತ್ತಿದ್ದರು.

ವಾರಿಜಕ್ಕ ಮುಂದೆ ಹೋಗಿ ಕೈ ಚಾಚಿದರು. ತಾತ ದಾರ ಹರಿದುಕೊಂಡು, ಪ್ರತಿ ಸಲ ಕೇಳುವ ಹಾಗೆ ಕೇಳಿದರು. "ಪಿಡಿಎಫ್ಫಿನ ಬಲಗಡೆ ಪ್ಯಾನಲ್ಲು ರಜೆಗೆ ಹೋಗಿದೆ. ಯಾರದಾದರೂ ಬೇರೆ ಮಾತಿದೆಯೇ?"

ಇದಕ್ಕೆ ಯಾರೂ ಉತ್ತರ ಕೊಡುವ ವಾಡಿಕೆಯಿಲ್ಲ. ಊಟಕ್ಕೆ ಕೂತವರನ್ನು ಸಾಕೇ ಎಂದು ಕೇಳಿದ ಹಾಗೆ ಅದು. ತಾತ ಆಗಲೇ ದಾರವನ್ನು ಮಣಿಕಟ್ಟಿನ ಸುತ್ತ ತಂದಿದ್ದರು.

"ಇದೆ" ಎಂದೆ.

"ಹಾಂ?" ತಾತ ಕಿವಿಗೆ ಕೈ ಹಿಡಿದರು. "ಯಾರದು?"

"ಡಿಟಿಪಿ ಹುಡುಗಿ" ಎಂದಿತು ಒಂದು ದನಿ.

"ಅದಕ್ಕೆ ಮಾತು ಬರುತ್ತಾ?" ಎಂದಿತು ಇನ್ನೊಂದು. ನಗು. ಆ ನಗುವಿನಲ್ಲಿ ನಾನು ಮನೆಗೆ ಓಡಿ ಹೋಗಬಹುದಾಗಿತ್ತು. ಆದರೆ ವಾರಿಜಕ್ಕನ ಚಾಚಿದ ಕೈ ನನ್ನ ಎದುರಿಗೇ ಇತ್ತು. ಬೆರಳುಗಳಿಗೆ ಬಾಣಂತಿಖಾರ ಕುಟ್ಟಿದ ಅರಿಶಿನ ಇನ್ನೂ ಹೋಗಿರಲಿಲ್ಲ.

"ಅದು ರಜೆ ಹೋಗಿಲ್ಲ ತಾತ. ಸೇತುವೆ ಹೋದಾಗ ಕಂಬದ ಗುರುತು ಉಳೀತಾ? ಗಡಿಯಾರ ಹೋದಾಗ ಗೋಡೆ ಮೇಲೆ ಮೊಳೆ ಇತ್ತಾ? 'ಳ' ಹೋದಾಗ ಶಾಲೆ ಚಾರ್ಟಲ್ಲಿ 'ಹ' ಆದ ಮೇಲೆ ಮುಗಿದೇಹೋಗಿತ್ತು, ಖಾಲಿ ಮನೆ ಇರಲಿಲ್ಲ. ರಜೆ ಹೋಗೋವು ತಮ್ಮ ಜಾಗಾನೂ ಮಡಚಿಕೊಂಡು ಹೋಗ್ತವೆ. ಇದು ಜಾಗ ಬಿಟ್ಟಿದೆ ನೋಡಿ. ಅಂದ್ರೆ ಇಲ್ಲೇ ಇದೆ. ಕಾಣಿಸ್ಕೊಳ್ಳಕ್ಕೆ ಆಗ್ತಿಲ್ಲ."

ಇಷ್ಟುದ್ದ ನಾನು ಮಾತಾಡಿದ್ದು ಅದೇ ಮೊದಲು. ಕೊನೆಗೆ ಉಸಿರು ಸಾಲದೆ ಕೆಮ್ಮು ಬಂತು. ಮೇಷ್ಟ್ರು ಹಿಂದಿನಿಂದ, "ಆ ಕೆಮ್ಮು ಯಾವ ಅಕ್ಷರ?" ಎಂದರು. ಯಾರೂ ನಗಲಿಲ್ಲ. ಎಲ್ಲರೂ ಬಿಳಿ ಚೌಕವನ್ನೇ ನೋಡುತ್ತಿದ್ದರು.

ತಾತ ಕನ್ನಡಕ ಸರಿಮಾಡಿಕೊಂಡರು. ಯಾಕೋ ಚೌಕದ ಅಂಚುಗಳನ್ನು ಒಂದೊಂದಾಗಿ ನೋಡಿದರು. "ರಜೆ ಅಲ್ಲದಿದ್ರೆ, ಏನಾಗಿದೆ ಅಂತೀಯಮ್ಮ?"

ಯುಪಿಎಸ್ ಕುಂಯ್ ಎಂದಿತು. ಬ್ಯಾಟರಿ ಇಳಿಯುತ್ತಿತ್ತು.

"ಕೆಟ್ಟಿದೆ" ಎಂದೆ.

ಒಬ್ಬ ತಾಯಿ ಕಂಕುಳ ಕೂಸಿನ ಕಿವಿ ಮುಚ್ಚಿದಳು. ಹಿಂದೆ ಯಾರೋ, "ಓದಿದ್ದು ಜಾಸ್ತಿಯಾಯ್ತು" ಎಂದರು.

"ನಾನು ಹೇಳ್ತಿರೋದಲ್ಲ. ಅದೇ ಹೇಳ್ತಿದೆ. ದಿನಾ ಬೆಳಿಗ್ಗೆ ಹೇಳ್ತಿದೆಯಂತೆ."

ತಾತ ವಾರಿಜಕ್ಕನ ಕಡೆ ತಿರುಗಿದರು. "ನಿಜವೇನಮ್ಮ?"

ವಾರಿಜಕ್ಕ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳದೆ ತಲೆ ಮಾತ್ರ ತಗ್ಗಿಸಿದರು. "ಹೇಳುತ್ತೆ ತಾತ. ನಾನು ಬೇಡ ಒತ್ತುತ್ತೀನಿ. ಇನ್ನೇನು ಮಾಡ್ಲಿ? ನಮ್ಮ ಮಕ್ಕಳು ತಮ್ಮನ್ನ ತಾವೇ ಹಂಗಂದ್ಕೊಂಡ್ರೆ ನಾವು ಹೌದು ಅಂತೀವಾ?"

"ಅಕ್ಕ, ನಿನ್ನೆ ಮೇದಿನಿ ಬೆನ್ನು ನೋಯ್ತಿದೆ ಅಂದಾಗ ನೀವು ಛೇ ಛೇ ಹಂಗನ್ಕೋಬಾರದು ಅಂದ್ರಾ? ಎಡಮಗ್ಗುಲಾಗಿ ಮಲ್ಕೋ ಅಂದ್ರಿ."

ವಾರಿಜಕ್ಕ ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಕಂಪ್ಯೂಟರನ್ನು. ಯುಪಿಎಸ್ ಮತ್ತೆ ಕುಂಯ್‌ಗುಟ್ಟಿತು, ಈ ಸಲ ಬಿಡದೆ.

"ಬೇಗ ಏನಾದ್ರೂ ಮಾಡಿ, ಇದು ಪೂರ್ತಿ ಮಲ್ಕೊಳ್ಳುತ್ತೆ!" ಎಂದ ದಾದಾಪೀರ್.

ತಾತ ದಾರ ಹಿಡಿದ ಕೈಯನ್ನು ಕೆಳಗಿಳಿಸಿದರು. "ಕೊನೆಗೆ ಮುಟ್ಟಿದೋಳು ನೀನು. ನೀನೇ ಕೇಳು ಅದನ್ನ."

ನಾನು ಸಾಫ್ಟ್‌ವೇರ್ ಮುಚ್ಚಿ ತೆರೆದೆ. ಚೌಕ ಬಂತು. ಹಿಂದಿನವರಿಗೂ ತಿಳಿಯಲಿ ಎಂದು ಅಲ್ಲಿದ್ದುದನ್ನು ಓದಿ ಹೇಳಿದೆ. ಆ ಪದ ಬಂದಾಗ ದನಿ ತಗ್ಗಿಸಲಿಲ್ಲ. ವಾರಿಜಕ್ಕ ಗಾಡಿಯ ಮೇಲೆ ಬಾಗಿ, "ಹೌದಾ ಮರಿ? ಅಷ್ಟು ದಿನದಿಂದ್ಲಾ?" ಎಂದು ಕೇಳಿ, ಹೌದು ಒತ್ತಿದರು.

ಒಂದು ಹಸಿರು ಗೆರೆ ಎಡದಿಂದ ಬಲಕ್ಕೆ ಆಮೆಯ ಹಾಗೆ ಹೊರಟಿತು. ಯುಪಿಎಸ್ಸಿನ ಕೂಗಿಗೆ ಹೊಂಗೆಮರದ ಹಕ್ಕಿಗಳೂ ಎದ್ದವು. ಗೆರೆ ನಡುವೆ ಒಮ್ಮೆ ನಿಂತೇಬಿಟ್ಟಿತು. ಚಾಚಾನ ದೋಣಿ ಎಂದರು ಯಾರೋ. ಆಮೇಲೆ ಒಮ್ಮೆಲೇ ತುದಿ ಮುಟ್ಟಿತು, ಚೌಕ ಮುಚ್ಚಿತು, ಬಿಳಿಯ ಮೇಲೆ ಒಂದೊಂದಾಗಿ ಮೂಡತೊಡಗಿದವು: ಪುಟ ಸೇರಿಸು, ಪುಟ ತಿರುಗಿಸು, ಟಿಪ್ಪಣಿ ಬರೆ, ಸಹಿ ಹಾಕು. ಎಲ್ಲವನ್ನೂ ಎಲ್ಲರೂ ಒಂದು ಸಲ ಓದಿಕೊಳ್ಳುವಷ್ಟರಲ್ಲಿ ಕರೆಂಟು ಮುಗಿದು ಪರದೆ ಕಪ್ಪಾಯಿತು.

ಚಪ್ಪಾಳೆ ಗಿಪ್ಪಾಳೆ ಏನೂ ಇಲ್ಲ. ಜನಕ್ಕೆ ಒಂಥರಾ ಮುಜುಗರ. "ಪಾಪ, ಒಂದು ತಿಂಗಳು ಬಾಯಿ ಬಿಟ್ಟು ಹೇಳ್ತಿತ್ತು, ನಾವು ಬೇಡ ಬೇಡ ಅಂತಿದ್ವಿ" ಎಂದು ಮಕ್ತುಮ್ ಚಾಚಾ ಮೆಲ್ಲಗೆ ಅಂದರು. ತಾತ ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಮತ್ತೆ ಉಂಡೆಗೆ ಸೇರಿಸಿದರು. ವಾರಿಜಕ್ಕ ನನಗೆ ಏನೂ ಹೇಳಲಿಲ್ಲ. ಮನೆಯ ತನಕ ನನ್ನ ಮಣಿಕಟ್ಟು ಹಿಡಿದುಕೊಂಡು ಬಂದರು, ಅಷ್ಟೇ.

ಶುಕ್ರವಾರ ದೋಣಿ ಹತ್ತುವಾಗ ಅವರ ಮಾತೆಲ್ಲ ವಾಪಸ್ಸು ಬಂದಿತ್ತು. "ಅಂಗಡಿ ನಿಂದೇ ಅಂತ ತಿಳ್ಕೋ. ಗಿರಾಕಿ ಬಂದ್ರೆ ಮಾತಾಡ್ಸು. ಫೋನ್ ಬಂದ್ರೆ ಎತ್ತು."

"ಹೂಂ" ಎಂದೆ.

"ಎತ್ತಿದ ಮೇಲೂ ಹೂಂ ಅಂತಾಳೆ, ನೋಡ್ತಿರಿ" ಎಂದ ದಾದಾಪೀರ್.

ದೋಣಿ ನಡುಹೊಳೆಯಲ್ಲಿ ಒಂದು ಸುತ್ತು ತಿರುಗಿತು. ಹಾಗೆ ತಿರುಗುವಾಗ ವಾರಿಜಕ್ಕನ ಮುಖ ಮತ್ತೊಮ್ಮೆ ನಮ್ಮ ಕಡೆ ಬಂತು. ಬಾಯಿ ಆಡುತ್ತಲೇ ಇತ್ತು, ಏನು ಹೇಳುತ್ತಿದ್ದರೋ ಕೇಳಿಸಲಿಲ್ಲ. ನಾವು ಎಲ್ಲದಕ್ಕೂ ಕೈ ಬೀಸಿದೆವು.

ಆಮೇಲಿನ ದಿನಗಳಲ್ಲಿ ಅಂಗಡಿಗೆ ಬೇರೆ ಥರದ ಗಿರಾಕಿಗಳು ಬರತೊಡಗಿದರು. ಚೀಲದೊಳಗೆ ಏನನ್ನೋ ಮುಚ್ಚಿಟ್ಟುಕೊಂಡು, ಜೆರಾಕ್ಸ್ ಮುಗಿಯುವ ತನಕ ಕಾದು, ಮೇಜಿನ ಮೇಲೆ ಬಾಗಿ ಪಿಸುಗುಟ್ಟುವರು. "ಸ್ವಲ್ಪ ನೋಡಮ್ಮ. ಇದು ರಜೆನಾ, ಇಲ್ಲಾ... ನಿನ್ನ ಮಾತಾ?" ಆ ಪದವನ್ನು ಈಗಲೂ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಅದಕ್ಕೆ 'ಇಂಚರನ ಮಾತು' ಎಂದು ಹೆಸರಾಗಿದೆ. ನಮ್ಮನೆ ಮಿಕ್ಸಿಗೆ ಇಂಚರನ ಮಾತು ಬಂದಿದೆ ಎನ್ನುತ್ತಾರೆ. ಮೊದಮೊದಲು ನಾಚಿಕೆಯಿಂದ ಸಾಯುವ ಹಾಗಾಗುತ್ತಿತ್ತು. ಈಗ ಅಭ್ಯಾಸವಾಗಿದೆ. ಜಾಗ ಬಿಟ್ಟಿದೆಯೋ ಮಡಚಿಕೊಂಡು ಹೋಗಿದೆಯೋ ನಾನು ನೋಡಿ ಹೇಳುತ್ತೇನೆ. ದಾದಾಪೀರ್ ಒಂದು ಸ್ಕ್ರೂಡ್ರೈವರ್ ಕೊಂಡಿದ್ದಾನೆ. ಬಳಸುವ ಮುಂಚೆ ವಸ್ತುವಿನ ಹತ್ತಿರ ಕ್ಷಮೆ ಕೇಳುತ್ತಾನೆ.

ವಾರಿಜಕ್ಕ ಹೋದ ಮುಂದಿನ ಬುಧವಾರ ಅವರ ಫೋನು ಬಂತು. ಎತ್ತಿದೆ. "ಹೆಣ್ಣು ಕಣೇ ಇಂಚು! ಮೂಗು ನಂದೇ! ಕೇಳಿಸ್ತಿದೆಯಾ ಅಳೋದು?" ಕೇಳಿಸುತ್ತಿತ್ತು. ಒಳ್ಳೆ ಯುಪಿಎಸ್ಸಿನ ಹಾಗೆ. "ತಾಯಿ ಹೇಗಿದಾಳೆ? ಹಾಲು ಕುಡೀತಾ? ನೀವು ಊಟ ಮಾಡಿದ್ರಾ?" ಎಂದು ನಾನು ಒಂದೇ ಉಸಿರಿಗೆ ಕೇಳಿದ್ದು ನೋಡಿ ದಾದಾಪೀರ್ ಬೈಂಡಿಂಗ್ ಸೂಜಿ ಚುಚ್ಚಿಕೊಂಡ.

ಅದೇ ಸಂಜೆ, ಅವನು ಮನೆಗೆ ಹೋದ ಮೇಲೆ ನಾನು ಬಾಗಿಲು ಹಾಕುವುದರಲ್ಲಿದ್ದಾಗ ಶಾಂತವೀರಪ್ಪ ತಾತ ಬಂದರು. ಆಚೆ ಈಚೆ ನೋಡಿ ಒಳಗೆ ಬಂದು, ಶಾಲಿನ ಒಳಗಿನಿಂದ ಒಂದು ರೇಡಿಯೋ ತೆಗೆದು ಮೇಜಿನ ಮೇಲಿಟ್ಟರು. ಮರದ ಪೆಟ್ಟಿಗೆಯ ಹಳೇ ರೇಡಿಯೋ. ಧೂಳು ಒಂದಿಷ್ಟೂ ಇರಲಿಲ್ಲ.

"ಇದು ಸುಮ್ಮನಾಗಿ ಬಹಳ ವರ್ಷ ಆಯ್ತಮ್ಮ. ಕೊನೆಗೆ ಮುಟ್ಟಿದ್ದು ನಮ್ಮ ನೀಲಮ್ಮ. ಹಾಗಾಗಿ ಅವಳೇ ಬದಲಿ."

ನೀಲಮ್ಮಜ್ಜಿ ತಾತನ ಹೆಂಡತಿ. ಸಂತೆಗೆ ಬಂದರೂ ತರಕಾರಿಯ ರೇಟು ಬಿಟ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಜಾತಿಯವರು ಎಂದುಕೊಳ್ಳುತ್ತಿದ್ದೆ.

"ಬೆಳಿಗ್ಗೆ ಕಾಫಿ ಕೊಟ್ಟು ಎದುರಿಗೆ ಕೂರ್ತಾಳೆ. ವಾರ್ತೆ, ಹವಾಮಾನ, ಎಲ್ಲ ಹೇಳ್ತಾಳೆ. ಕೊನೆಗೆ ಒಂದು ಹಾಡು. ಅದಾದ ಮೇಲೆ ಎದ್ದು ಹೋದ್ರೆ ಮಾರನೇ ಬೆಳಿಗ್ಗೆ ತನಕ ಹೂಂ, ಉಹೂಂ, ಅಷ್ಟೇ. ಮದುವೆಯಾದ ದಿನದಿಂದ ಅವಳ ಮಾತು ಅಷ್ಟೇ, ಇದು ಸುಮ್ಮನಾಗೋ ತನಕ ವಾರ್ತೆನೂ ಇರಲಿಲ್ಲ." ತಾತ ರೇಡಿಯೋದ ಸ್ಟೇಷನ್ ತಿರುಗಿಸುವ ಗುಬುಟನ್ನು ಸವರಿದರು. "ಮೊನ್ನೆ ಕಟ್ಟೆಯಲ್ಲಿ ನೀನು ಜಾಗದ ಮಾತು ಹೇಳಿದಾಗಿನಿಂದ ನಿದ್ದೆ ಇಲ್ಲ. ಇದರ ಜಾಗ ಇಲ್ಲೇ ಇದೆ ನೋಡು. ಪೆಟ್ಟಿಗೆ, ಗುಬುಟು, ಎಲ್ಲ. ನಾನು ಕಟ್ಟೆ ಹಿರಿಯ. ನನ್ನ ಮನೆಯಲ್ಲೇ ತಪ್ಪು ನಡೀಬಾರದು. ನೋಡಿ ಹೇಳು."

ರೇಡಿಯೋ ತಿರುಗಿಸಿ ನೋಡಿದೆ. ಹಿಂದುಗಡೆ ಒಂದು ಕೆಂಪು ತಂತಿ ಬಿಟ್ಟುಕೊಂಡು ಜೋತಾಡುತ್ತಿತ್ತು. ಅದು ಸೇರಬೇಕಾದ ಜಾಗ ಪಕ್ಕದಲ್ಲೇ, ಕಣ್ಣಿಗೆ ಕಾಣುವ ಹಾಗೆ ಇತ್ತು.

ತಾತ ನನ್ನ ಕೈಯನ್ನು ನೋಡುತ್ತಿರಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದರು.

ನಾನು ತಂತಿಯನ್ನು ಬೆರಳಿನಿಂದ ಪೆಟ್ಟಿಗೆಯ ಒಳಕ್ಕೆ ತಳ್ಳಿ, ಹಿಂದಿನ ಮುಚ್ಚಳ ಒತ್ತಿದೆ.

"ರಜೆನೇ ತಾತ."

"ಹೌದಾ?"

"ಹಳೇ ಕಾಲದವು. ಇವು ಹೋಗೋ ರೀತಿಯೇ ಬೇರೆ. ಇನ್ನೂ ಸುಮಾರು ದಿನ ಆಗುತ್ತೆ."

"ಹಾಗಿದ್ರೆ ಕಾಯೋದಪ್ಪ, ಇನ್ನೇನು ಮಾಡೋದು" ಎಂದು ತಾತ ದೊಡ್ಡದಾಗಿ ನಿಟ್ಟುಸಿರು ಬಿಟ್ಟರು. ಆದರೆ ರೇಡಿಯೋವನ್ನು ಶಾಲಿನೊಳಗೆ ಸೇರಿಸಿಕೊಂಡು ಮೆಟ್ಟಿಲಿಳಿದ ರೀತಿಯಲ್ಲಿ ನಿಟ್ಟುಸಿರಿನ ಭಾರ ಇರಲಿಲ್ಲ.

ಮಾರನೇ ಬೆಳಿಗ್ಗೆ ನಾನು ಅಂಗಡಿಗೆ ಹೋಗಲು ಅವರ ಮನೆಯ ಬೀದಿ ಹಿಡಿದೆ. ಅದು ಸುತ್ತುದಾರಿ. ಕಿಟಕಿ ತೆರೆದಿತ್ತು. ಒಳಗಿನಿಂದ ನೀಲಮ್ಮಜ್ಜಿಯ ದನಿ ಬರುತ್ತಿತ್ತು. ಸಂತೆಯಲ್ಲಿ ಕೇಳಿದ ದನಿಯೇ ಅಲ್ಲ ಅದು. ನೆಟ್ಟಗೆ, ಸ್ಪಷ್ಟವಾಗಿ, ಎಲ್ಲರಿಗೂ ಕೇಳಿಸಲಿ ಎನ್ನುವ ಹಾಗೆ.

"ಮುಖ್ಯಾಂಶಗಳು. ಡಿಟಿಪಿ ಅಂಗಡಿಯ ವಾರಿಜಮ್ಮನವರಿಗೆ ಮೊಮ್ಮಗಳು ಹುಟ್ಟಿದ್ದಾಳೆ. ತಾಯಿ, ಮಗು ಇಬ್ಬರೂ ಕ್ಷೇಮ. ಮಗುವಿನ ಮೂಗಿನ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಸೇತುವೆ ಇನ್ನೂ ಬಂದಿಲ್ಲ. ಸಂಜೆ ಮೋಡ ಕವಿದಿರುತ್ತದೆ, ಒಣಗಿಸಿದ ಹಪ್ಪಳ ಒಳಗೆ ತೆಗೆದುಕೊಳ್ಳುವುದು. ವಾರ್ತೆಗಳು ಮುಗಿದವು. ಈಗ ಒಂದು ಗೀತೆ."

ಹಾಡು ಶುರುವಾಯಿತು. ಶ್ರುತಿ ಸ್ವಲ್ಪ ಆಚೀಚೆ. ಅಂಗಡಿ ತೆರೆಯುವ ಹೊತ್ತಾಗಿತ್ತು, ಆದರೂ ನಾನು ಗೇಟಿನ ಪಕ್ಕ ನಿಂತುಬಿಟ್ಟೆ.

ಒಳಗೆ ಕಾಫಿ ಲೋಟ ಕೆಳಗಿಟ್ಟ ಸದ್ದು. ಆಮೇಲೆ ತಾತನ ದನಿ.

"ನೀಲಾ, ಸ್ವಲ್ಪ ವಾಲ್ಯೂಮ್ ಜಾಸ್ತಿ ಮಾಡೇ."

ನೀಲಮ್ಮಜ್ಜಿ ಜಾಸ್ತಿ ಮಾಡಿದರು.